ಹೊಸ ಕುಡುಗೋಲು ಕೈ ಕೊಟ್ಟರೆ

ಸಿರುಗುಪ್ಪ ಸೀಮೆಯ ಒಂದು ನೆಲ್ಲಿನ ಗದ್ದೆ. ಹೊತ್ತು ಇನ್ನೂ ಏರಿಲ್ಲ. ನಾಳೆ ಕೊಯ್ಲಿನ ಮಷಿನ್ ಬರುತ್ತದೆ. ಅದು ತಿರುಗಲಾಗದ ಮೂಲೆಗಳನ್ನು, ಬದುವಿನ ಅಂಚನ್ನು ಇವತ್ತೇ ಕೈಯಿಂದ ಕೊಯ್ಯಬೇಕು. ಐದಾರು ಮಂದಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿದ್ದಾರೆ.

ಅವರಲ್ಲಿ ಒಬ್ಬಳ ಕೈಯಲ್ಲಿ ಹೊಸ ಕುಡುಗೋಲು. ನಿನ್ನೆ ತಾನೇ ಪೇಟೆಯಿಂದ ತಂದದ್ದು. ಬಣ್ಣ ಹಚ್ಚಿದ ಹಿಡಿ. ಮಿರಿಮಿರಿ ಮಿಂಚುವ ಅಲಗು. ನಾಲ್ಕು ಹಿಡಿ ಕೊಯ್ದಳು. ಐದನೆಯದಕ್ಕೆ ಎಳೆದಾಗ ಹಿಡಿ ಕೈಯಲ್ಲೇ ಉಳಿಯಿತು. ಅಲಗು ನೆಲ್ಲಿನೊಳಗೆ ಬಿತ್ತು. ಪುಣ್ಯಕ್ಕೆ ಕಾಲಿಗೆ ತಗಲಲಿಲ್ಲ.

ಪಕ್ಕದ ಸಾಲಿನ ದೊಡ್ಡಮ್ಮ ನಕ್ಕಳು.

“ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ! ಮೆಲ್ಲಗ ಎಳಿಬೇಕವ್ವಾ.”

ಆಕೆಗೆ ನಾಚಿಕೆ ಆಯಿತು. ಕಲ್ಲಿನಿಂದ ಬಡಿದು ಹಿಡಿ ಕೂರಿಸಿದಳು. ಮತ್ತೆ ಕಳಚಿತು. ಬಟ್ಟೆ ಸುತ್ತಿ ಕೂರಿಸಿದಳು. ಮತ್ತೆ ಕಳಚಿತು. ಬುತ್ತಿ ಬಿಚ್ಚುವ ಹೊತ್ತಿಗೆ ಉಳಿದವರು ಆ ಮೂಲೆ ಮುಗಿಸಿದ್ದರು. ಆಕೆಯ ಸಾಲು ಅರ್ಧಕ್ಕೇ ನಿಂತಿತ್ತು.

ಇಂಥದ್ದು ನಿಮಗೂ ಆಗಿರಬಹುದು. ಕುಡುಗೋಲು ಇರಲಿ, ಕುರ್ಪಿ ಇರಲಿ, ಕೊಡಲಿ ಇರಲಿ, ಕತ್ತರಿ ಇರಲಿ. ಹೊಸದು ಕೆಟ್ಟಾಗ ನಾವು ಯಾರನ್ನು ಬೈಯುತ್ತೇವೆ? ನಮ್ಮನ್ನೇ. “ನನ್ನ ಕೈಗುಣ ಸರಿ ಇಲ್ಲ” ಅನ್ನುತ್ತೇವೆ. “ನನ್ನ ಹಣೆಬರಹ” ಅನ್ನುತ್ತೇವೆ. ಸಾಮಾನನ್ನು ಮೂಲೆಗೆ ಎಸೆದು ಮತ್ತೊಂದು ಕೊಳ್ಳುತ್ತೇವೆ.

ಆದರೆ ಅಕ್ಕಾ, ಒಮ್ಮೊಮ್ಮೆ ನೆಲವೇ ಡೊಂಕಾಗಿರುತ್ತದೆ.

ಒಂದು ಅಗುಳು

ಮೊದಲು ಊರಲ್ಲೇ ಕಮ್ಮಾರ ಇರುತ್ತಿದ್ದ. ಕುಲುಮೆ ಮುಂದೆ ಕೂತು ನಾವೇ ಕುಡುಗೋಲು ಮಾಡಿಸುತ್ತಿದ್ದೆವು. ಕೆಟ್ಟರೆ ಮರುದಿನ ಹೋಗಿ ಎರಡು ಮಾತು ಅಂದು ಬರಬಹುದಿತ್ತು. ಈಗಲೂ ಕೆಲವು ಊರುಗಳಲ್ಲಿ ಕುಲುಮೆ ಉರಿಯುತ್ತದೆ. ಆದರೆ ಪೇಟೆಯ ಅಂಗಡಿಯಲ್ಲಿ ನೇತು ಹಾಕಿರುವ ಬಹಳಷ್ಟು ಸಾಮಾನು ಕಾರ್ಖಾನೆಯದು. ಪಂಜಾಬಿನ ಜಲಂಧರ್, ಲುಧಿಯಾನ ಊರುಗಳು ಕೈ ಸಲಕರಣೆಗಳಿಗೆ ಹೆಸರಾದವು. ಕತ್ತರಿಗೆ ಉತ್ತರ ಪ್ರದೇಶದ ಮೇರಠ್ ಹೆಸರುವಾಸಿ. ಅಷ್ಟು ದೂರ ಬೈಯಲು ಹೋಗುವುದು ಹೇಗೆ?

ಕಾರ್ಖಾನೆಯಲ್ಲಿ ಸಾವಿರಾರು ಸಾಮಾನು ಒಟ್ಟಿಗೆ ಆಗುತ್ತವೆ. ಅವು ಚೆನ್ನಾಗಿವೆಯೇ ಎಂದು ನೋಡುವವರೂ ಇರುತ್ತಾರೆ. ಇದಕ್ಕೆ ಗುಣಮಟ್ಟದ ತಪಾಸಣೆ ಅನ್ನುತ್ತಾರೆ. ಅವರು ಒಂದೊಂದನ್ನೂ ನೋಡುತ್ತಾರೆಯೇ? ಸಾಮಾನ್ಯವಾಗಿ ಇಲ್ಲ. ರಾಶಿಯಿಂದ ಕೆಲವನ್ನು ಎತ್ತಿ ನೋಡುತ್ತಾರೆ. ಅವು ಸರಿ ಇದ್ದರೆ ಇಡೀ ರಾಶಿ ಸರಿ ಎಂದು ಬಿಡುತ್ತಾರೆ.

ನಾವೂ ಹೀಗೇ ಮಾಡುತ್ತೇವಲ್ಲ. ಅನ್ನ ಬೆಂದಿದೆಯೇ ಎಂದು ಗಡಿಗೆಯ ಎಲ್ಲ ಅಗುಳನ್ನೂ ಹಿಚುಕುವುದಿಲ್ಲ. ಒಂದು ಅಗುಳು ಸಾಕು.

ಆದರೆ ಅನ್ನಕ್ಕೂ ಕುಡುಗೋಲಿಗೂ ಒಂದು ವ್ಯತ್ಯಾಸ ಇದೆ. ಒಂದು ಗಡಿಗೆಯ ಅಕ್ಕಿ ಒಂದೇ ಬೆಂಕಿಯಲ್ಲಿ ಬೇಯುತ್ತದೆ. ಕುಡುಗೋಲು ಹಾಗಲ್ಲ. ಒಂದು ಬೆಳಿಗ್ಗೆ ಕಾದದ್ದು, ಇನ್ನೊಂದು ಸಂಜೆ ಕಾದದ್ದು. ಒಂದರ ಹಿಡಿ ಒಣ ಮರದ್ದು, ಇನ್ನೊಂದರದು ಹಸಿ ಮರದ್ದು. ಒಂದನ್ನು ಮಾಡಿದವನಿಗೆ ಆಗಷ್ಟೇ ಊಟ ಆಗಿತ್ತು, ಇನ್ನೊಂದನ್ನು ಮಾಡಿದವನಿಗೆ ಕಣ್ಣು ಎಳೆಯುತ್ತಿತ್ತು. ಹೀಗಾಗಿ ಒಳ್ಳೆಯ ರಾಶಿಯಲ್ಲೂ ಕೆಲವು ಕೆಟ್ಟವು ಸೇರಿಕೊಳ್ಳುತ್ತವೆ. ಇನ್ನು ಕೆಲವರು ಆ ಒಂದು ಅಗುಳನ್ನೂ ಹಿಚುಕುವುದಿಲ್ಲ, ಅದು ಬೇರೆ ಮಾತು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. ಬಳ್ಳಾರಿ ನಗರದ ಹತ್ತಿರವೇ ಸಂಗನಕಲ್ಲು ಎಂಬ ಊರಿದೆ. ಅಲ್ಲಿನ ಗುಡ್ಡಗಳ ಮೇಲೆ ಮೂರು ಸಾವಿರ ವರ್ಷಕ್ಕೂ ಹಿಂದೆ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಕಪ್ಪು ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಜ್ಜಿದ ಗುಳಿಗಳು ಬಂಡೆಯ ಮೇಲೆ ಇವೆ. ಕಲ್ಲಿನ ಚಕ್ಕೆಗಳು ಅಲ್ಲಿ ರಾಶಿ ರಾಶಿ ಸಿಕ್ಕಿವೆ. ಅವುಗಳ ಜೊತೆ ಅರ್ಧ ಮಾಡಿ ಬಿಟ್ಟ ಕೊಡಲಿಗಳು, ನಡುವೆ ಮುರಿದ ಕೊಡಲಿಗಳೂ ಸಿಕ್ಕಿವೆ. ಕೆಟ್ಟದ್ದನ್ನು ಅಲ್ಲೇ ಬಿಸಾಡುವುದು ಆ ಕಾಲದವರಿಗೂ ಗೊತ್ತಿತ್ತು. ಈಗ ಬಿಸಾಡಬೇಕಾದದ್ದೂ ಬಣ್ಣ ಹಚ್ಚಿಕೊಂಡು ಅಂಗಡಿಗೆ ಬರುತ್ತದೆ.

ಪಾಕದ ಹದ, ಉಕ್ಕಿನ ಹದ

ನಮ್ಮದು ಕಬ್ಬಿಣದ ಸೀಮೆ. ಸಂಡೂರಿನ ಗುಡ್ಡದಲ್ಲಿ ಅದಿರು ಇದೆ. ತೋರಣಗಲ್ಲಿನಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಆದರೆ ಒಳ್ಳೆಯ ಉಕ್ಕು ಇದ್ದ ಮಾತ್ರಕ್ಕೆ ಒಳ್ಳೆಯ ಕುಡುಗೋಲು ಆಗುವುದಿಲ್ಲ. ಹದ ಬೇಕು.

ಹದ ಅಂದರೆ ಏನು? ಶೇಂಗಾ ಉಂಡೆಗೆ ಬೆಲ್ಲದ ಪಾಕ ಇಡುತ್ತೀರಲ್ಲ, ಅದನ್ನು ನೆನೆಸಿಕೊಳ್ಳಿ. ಪಾಕ ಎಳೆಯದಾದರೆ ಉಂಡೆ ಕಟ್ಟುವುದಿಲ್ಲ, ಕೈಗೆ ಅಂಟುತ್ತದೆ. ಪಾಕ ಮೀರಿದರೆ ಉಂಡೆ ಕಲ್ಲಾಗುತ್ತದೆ. ಉಕ್ಕೂ ಹಾಗೆಯೇ. ಅಲಗನ್ನು ಕೆಂಪಗೆ ಕಾಸಿ ನೀರಿಗೋ ಎಣ್ಣೆಗೋ ಅದ್ದುತ್ತಾರೆ. ಆಗ ಅದು ಗಟ್ಟಿ ಆಗುತ್ತದೆ. ಬರೀ ಗಟ್ಟಿ ಆದರೆ ಗಾಜಿನಂತೆ ಒಡೆಯುತ್ತದೆ. ಅದಕ್ಕೇ ಮತ್ತೊಮ್ಮೆ ಮೆಲ್ಲಗೆ ಕಾಸಿ ಸ್ವಲ್ಪ ಬಿಗಿ ಇಳಿಸುತ್ತಾರೆ.

ಈ ಕೆಲಸದಲ್ಲಿ ಅವಸರ ಮಾಡಿದರೆ ಎರಡು ಥರದ ಕೆಟ್ಟ ಕುಡುಗೋಲು ಹುಟ್ಟುತ್ತದೆ. ಒಂದು ಮೆದು. ಹತ್ತು ಹಿಡಿ ಕೊಯ್ಯುವಷ್ಟರಲ್ಲಿ ಬಾಯಿ, ಅಂದರೆ ಕೊಯ್ಯುವ ಅಂಚು, ಮಡಚಿಕೊಳ್ಳುತ್ತದೆ. ಇನ್ನೊಂದು ಪೆಡಸು. ಸಣ್ಣ ಕಲ್ಲಿಗೆ ತಾಗಿದರೆ ಅಂಚು ಚೂರು ಚೂರಾಗಿ ಉದುರುತ್ತದೆ. ಮಡಚಿದರೆ ಮೆದು, ಉದುರಿದರೆ ಪೆಡಸು. ಇದನ್ನು ನೆನಪಿಡಿ. ಅಂಗಡಿಯವನ ಮುಂದೆ “ಚೆನ್ನಾಗಿಲ್ಲ” ಅಂದರೆ ಆತ ಕೇಳುವುದಿಲ್ಲ. “ಬಾಯಿ ಮಡಚಿಕೊಂಡೈತಿ, ಹದ ಹಾಕಿಲ್ಲ” ಅಂದರೆ ತಲೆ ಎತ್ತಿ ನೋಡುತ್ತಾನೆ.

ಅಂಗಡಿಯಲ್ಲೇ ನೋಡಿ

ಬಳೆ ಕೊಳ್ಳುವಾಗ ಎಷ್ಟು ನೋಡುತ್ತೇವೆ! ಬೆಳಕಿಗೆ ಹಿಡಿದು, ತಟ್ಟಿ, ಕೈಗೆ ಹಾಕಿ ನೋಡುತ್ತೇವೆ. ಕುಡುಗೋಲನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ಚೀಲಕ್ಕೆ ಹಾಕುತ್ತೇವೆ. ಅಲ್ಲಿ ಗಂಡಸರೇ ಜಾಸ್ತಿ ನಿಂತಿರುತ್ತಾರೆ, ಸಂಕೋಚ. ಸಂಕೋಚ ಬೇಡ. ಕೆಲಸ ಮಾಡುವವರು ನಾವು.

ಮೊದಲು ಹಿಡಿ. ಒಂದು ಕೈಯಲ್ಲಿ ಹಿಡಿಯನ್ನು, ಇನ್ನೊಂದರಲ್ಲಿ ಅಲಗಿನ ಬೆನ್ನನ್ನು ಹಿಡಿದು ಅಲುಗಾಡಿಸಿ. ಹರಿತದ ಕಡೆ ಕೈ ಹಾಕಬೇಡಿ. ಟಕ್ ಟಕ್ ಅಂದರೆ ಸಡಿಲ. ಹಿಡಿಯ ಬಾಯಲ್ಲಿ ಕಬ್ಬಿಣದ ಬಳೆ ಇರುತ್ತದೆ. ಅದು ತಿರುಗುತ್ತಿದ್ದರೆ ಬೇಡ. ಮರದಲ್ಲಿ ಉದ್ದಕ್ಕೆ ಗೆರೆ ಇರುವುದು ಒಳ್ಳೆಯದು. ಅಡ್ಡ ಗೆರೆ ಇದ್ದರೆ ಅಲ್ಲೇ ಮುರಿಯುತ್ತದೆ. ಬಣ್ಣ ದಪ್ಪಗೆ ಬಳಿದಿದ್ದರೆ ಅನುಮಾನ ಪಡಿ. ಗಂಟು, ಬಿರುಕು, ಹುಳು ತಿಂದ ತೂತು ಎಲ್ಲ ಬಣ್ಣದ ಕೆಳಗೆ ಅಡಗುತ್ತವೆ.

ಹಸಿ ಮರದ ಹಿಡಿ ಅಂಗಡಿಯಲ್ಲಿ ಬಿಗಿಯಾಗಿಯೇ ಇರುತ್ತದೆ. ನಮ್ಮ ಬಳ್ಳಾರಿ ಬಿಸಿಲು ನಿಮಗೆ ಗೊತ್ತಲ್ಲ. ಒಂದು ಬೇಸಿಗೆಗೆ ಮರ ಒಣಗಿ ಸಣ್ಣಗಾಗುತ್ತದೆ. ಕಬ್ಬಿಣ ಸಣ್ಣಗಾಗುವುದಿಲ್ಲ. ಆಗ ಹಿಡಿ ಕಳಚುತ್ತದೆ. ಕೈಯಲ್ಲಿ ಹಿಡಿದಾಗ ಮರ ತಣ್ಣಗೆ, ಭಾರ ಅನ್ನಿಸಿದರೆ ಹಸಿ ಇರಬಹುದು. ಪಕ್ಕದ ಇನ್ನೊಂದರ ಜೊತೆ ತೂಗಿ ನೋಡಿ.

ಆಮೇಲೆ ಅಲಗು. ಕಣ್ಣಿನ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಡಿಯಿಂದ ತುದಿಯವರೆಗೆ ನೋಡಿ. ಅಲಗು ಎಡಕ್ಕೋ ಬಲಕ್ಕೋ ವಾಲಿದ್ದರೆ ಕೊಯ್ಯುವಾಗ ಮಣಿಕಟ್ಟು ನೋಯುತ್ತದೆ. ಬಳಿಕ ಅಲಗಿನ ಬೆನ್ನನ್ನು ಒಂದು ನಾಣ್ಯದಿಂದ ತಟ್ಟಿ. ಟಣ್ ಎಂದು ಉದ್ದಕ್ಕೆ ಸದ್ದು ಬಂದರೆ ಸರಿ. ಟಪ್ ಎಂದು ಸತ್ತ ಸದ್ದು ಬಂದರೆ ಎಲ್ಲೋ ಬಿರುಕು ಇದೆ, ಇಲ್ಲವೇ ಹಿಡಿ ಸಡಿಲ ಇದೆ. ಮಣ್ಣಿನ ಗಡಿಗೆ ಕೊಳ್ಳುವಾಗ ತಟ್ಟುತ್ತೇವಲ್ಲ, ಅದೇ ವಿದ್ಯೆ.

ಹಲ್ಲಿನ ಕುಡುಗೋಲು ಕೊಳ್ಳುವುದಾದರೆ ಇನ್ನೂ ಹೆಚ್ಚು ನೋಡಬೇಕು. ಹಲ್ಲುಗಳು ಒಂದೇ ಸಮ, ಒಂದೇ ಕಡೆಗೆ ವಾಲಿರಬೇಕು. ಸಾದಾ ಕುಡುಗೋಲನ್ನು ಕಲ್ಲಿಗೆ ಮಸೆಯಬಹುದು. ಹಲ್ಲಿನದನ್ನು ಹಾಗೆ ಮಸೆದರೆ ಹಲ್ಲೇ ಹೋಗುತ್ತದೆ. ಹೀಗಾಗಿ ಕೊಳ್ಳುವಾಗ ಹೇಗಿದೆಯೋ ಹಾಗೇ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ‘ನವೀನ್’ ಎಂಬ ಹಲ್ಲಿನ ಕುಡುಗೋಲು ರೂಪಿಸಿದೆ. ಬಳ್ಳಾರಿ ಹತ್ತಿರದ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂಥ ಸಲಕರಣೆಗಳ ಬಗ್ಗೆ ಕೇಳಬಹುದು.

ಇನ್ನೊಂದು ಮಾತು. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಹೆಬ್ಬೆರಳು ಬಂದು ತೋರುಬೆರಳಿಗೆ ತಾಗಬೇಕು. ತಾಗದಿದ್ದರೆ ಆ ಹಿಡಿ ನಿಮ್ಮ ಕೈಗೆ ದಪ್ಪ. ಇದು ದೋಷ ಅಲ್ಲ. ದೊಡ್ಡ ಕೈಯ ಗಂಡಸಿಗೆ ಅದು ಸರಿ ಇರಬಹುದು. ನಿಮಗೆ ಬೇಡ, ಅಷ್ಟೇ.

ಕುರುಗೋಡಿನ ಕುರ್ಪಿ, ಬಳ್ಳಾರಿಯ ಕತ್ತರಿ

ಕುರುಗೋಡು ಕಡೆ ಎರೆ ಹೊಲ ಜಾಸ್ತಿ. ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯಲು ಕುರ್ಪಿ ಬೇಕು. ಎರೆ ಮಣ್ಣು ಹಸಿ ಇದ್ದಾಗ ಅಂಟು, ಒಣಗಿದಾಗ ಕಲ್ಲು. ಒಣ ಎರೆಯಲ್ಲಿ ಕುರ್ಪಿಯ ಕತ್ತಿನ ಮೇಲೆ ಎಲ್ಲ ಭಾರ ಬೀಳುತ್ತದೆ. ಅಗ್ಗದ ಕುರ್ಪಿಯಲ್ಲಿ ಆ ಕತ್ತಿಗೆ ವೆಲ್ಡಿಂಗ್ ಹಾಕಿರುತ್ತಾರೆ. ವೆಲ್ಡಿಂಗ್ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಒಂದೇ ಸಮ ಇರಬೇಕು. ದೋಸೆಗೆ ತೂತಿದ್ದರೆ ಚೆಂದ, ವೆಲ್ಡಿಂಗಿಗೆ ತೂತಿದ್ದರೆ ಕೇಡು. ಒಂದೇ ಬದಿಗೆ ವೆಲ್ಡಿಂಗ್ ಹಾಕಿ ಇನ್ನೊಂದು ಬದಿಗೆ ಬರೀ ಬಣ್ಣ ಬಳಿದಿರುವುದೂ ಉಂಟು.

ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ಜಾತ್ರೆಗಳಲ್ಲಿ ಕೊಳ್ಳುವುದಾದರೆ ಎರಡು ಸಲ ನೋಡಿ. ಜಾತ್ರೆಯಲ್ಲಿ ಮಾರುವವನು ಮರುದಿನ ಯಾವ ಊರಲ್ಲಿ ಇರುತ್ತಾನೋ ಯಾರಿಗೆ ಗೊತ್ತು? ಅಲ್ಲಿ ವಾಪಸು ಕೊಡುವ ಮಾತೇ ಇಲ್ಲ.

ಬಳ್ಳಾರಿ ನಗರದ ಅಕ್ಕಂದಿರ ಕೆಲಸ ಬೇರೆ. ಅಲ್ಲಿ ಜೀನ್ಸ್ ಹೊಲಿಗೆ ಜಾಸ್ತಿ. ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಹಿಡಿದವರೂ ಇದ್ದಾರೆ. ಎಷ್ಟು ಪ್ಯಾಂಟ್ ಮುಗಿಸಿದರೆ ಅಷ್ಟು ದುಡ್ಡು. ಕತ್ತರಿ ಬಟ್ಟೆಯನ್ನು ಕತ್ತರಿಸದೆ ಅಗಿದರೆ ಕೂಲಿಯೂ ಹೋಯಿತು, ಬೆರಳೂ ಹೋಯಿತು.

ಕತ್ತರಿ ಕೊಳ್ಳಲು ಹೋಗುವಾಗ ಒಂದು ತುಂಡು ಜೀನ್ಸ್ ಬಟ್ಟೆ ಜೊತೆಗೆ ಒಯ್ಯಿರಿ. ಕತ್ತರಿಯ ಬುಡದಿಂದ ಕತ್ತರಿಸಬೇಡಿ. ಬುಡದಲ್ಲಿ ಎಲ್ಲ ಕತ್ತರಿಯೂ ಕತ್ತರಿಸುತ್ತದೆ. ತುದಿಯಿಂದ ಕತ್ತರಿಸಿ ನೋಡಿ. ತುದಿಯಲ್ಲಿ ಬಟ್ಟೆ ಮಡಚಿಕೊಂಡು ನಡುವೆ ಸಿಕ್ಕಿಕೊಂಡರೆ ಎರಡು ಅಲಗು ಸರಿಯಾಗಿ ಕೂಡುತ್ತಿಲ್ಲ. ಕತ್ತರಿಯನ್ನು ತೆರೆದು ಮುಚ್ಚಿ ಕಿವಿಗೆ ಹಿಡಿಯಿರಿ. ಸರ್ ಎಂದು ಒಂದೇ ಸದ್ದು ಬರಬೇಕು. ನಡುವೆ ಕಿರಕ್ ಅಂದರೆ ಅಲ್ಲಿ ಅಂಚು ಉಬ್ಬಿದೆ. ನಡುವಿನ ಮೊಳೆ ಸಡಿಲ ಇದ್ದರೆ ಅಲಗುಗಳು ಅಲುಗಾಡುತ್ತವೆ. ಅಲ್ಲಿ ಮೊಳೆಯ ಬದಲು ತಿರುಪು ಇದ್ದರೆ ಅನುಕೂಲ, ಮನೆಯಲ್ಲೇ ಬಿಗಿ ಮಾಡಬಹುದು.

ಪೊಟ್ಟಣದಲ್ಲಿ ಬರುವ ಸಾಮಾನಾದರೆ ಓದಿ ನೋಡಿ. ಓದಲು ಕಲಿತದ್ದು ಇಂಥದ್ದಕ್ಕೇ ತಾನೆ? ತಯಾರಿಸಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಗರಿಷ್ಠ ಬೆಲೆ, ದೂರು ಹೇಳಲು ಫೋನ್ ನಂಬರು ಇರಬೇಕು. ಐಎಸ್‌ಐ ಗುರುತು ಇದ್ದರೆ ಅದರ ಮೇಲೆ ಐಎಸ್ ಎಂದು ಶುರುವಾಗುವ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಸಂಖ್ಯೆ ಇಲ್ಲದ ಬರೀ ಗುರುತನ್ನು ನಂಬಬೇಡಿ. ಬಿಡಿಯಾಗಿ ನೇತು ಹಾಕಿ ಮಾರುವ ಕುಡುಗೋಲಿನ ಮೇಲೆ ಇದೆಲ್ಲ ಸಿಗುವುದು ಅಪರೂಪ. ಅದಕ್ಕೆ ಬಿಲ್ಲೇ ಗತಿ.

ಬಿಲ್ಲು ಕೇಳಿ

“ಅಣ್ಣಾ, ಬಿಲ್ಲು ಕೊಡು.”

“ಕುಡುಗೋಲಿಗೆ ಯಾಕಮ್ಮ ಬಿಲ್ಲು? ಬಿಲ್ಲು ಹಾಕಿದ್ರೆ ಜಿಎಸ್‌ಟಿ ಬೀಳ್ತೈತಿ. ರೇಟು ಜಾಸ್ತಿ ಆಗ್ತೈತಿ.”

ಈ ಮಾತು ಸುಳ್ಳು. ಕುಡುಗೋಲು, ಗುದ್ದಲಿ, ಸಲಿಕೆ, ಕೊಡಲಿ ಇಂಥ ಬೇಸಾಯದ ಕೈ ಸಲಕರಣೆಗಳಿಗೆ ಜಿಎಸ್‌ಟಿ ಇಲ್ಲ. ಕತ್ತರಿಗೆ ಇದೆ, ಆದರೆ ಅದು ಬೆಲೆಯಲ್ಲೇ ಸೇರಿರುತ್ತದೆ. 200 ರೂಪಾಯಿಗಿಂತ ಕಡಿಮೆ ಮಾಲಿಗೆ ಅಂಗಡಿಯವನು ತಾನಾಗಿ ಬಿಲ್ಲು ಬರೆಯದಿದ್ದರೂ ನಡೆಯುತ್ತದೆ. ಆದರೆ ನೀವು ಕೇಳಿದರೆ ಕೊಡಬೇಕು. ಬಿಲ್ಲಿನಲ್ಲಿ ಅಂಗಡಿಯ ಹೆಸರು, ದಿನಾಂಕ, ಸಾಮಾನಿನ ಹೆಸರು, ಬೆಲೆ ಇದೆಯೇ ಎಂದು ಅಲ್ಲೇ ನಿಂತು ಓದಿ. ಮನೆಗೆ ಬಂದ ಮೇಲೆ ಅದನ್ನು ರೇಷನ್ ಕಾರ್ಡಿನ ಜೊತೆ ಇಡಿ. ಫೋನ್ ಇದ್ದವರು ಒಂದು ಫೋಟೊ ತೆಗೆದುಕೊಳ್ಳಿ. ಬಿಲ್ಲಿನ ಅಕ್ಷರ ಬೇಗ ಅಳಿಸಿ ಹೋಗುತ್ತದೆ.

ದುರಸ್ತಿಯೋ, ವಾಪಸೋ?

ಇಷ್ಟು ನೋಡಿಯೂ ಕೆಟ್ಟದ್ದು ಮನೆಗೆ ಬರಬಹುದು. ಹದ ಸರಿ ಇದೆಯೇ ಎಂದು ಕೊಯ್ದ ಮೇಲೆಯೇ ತಿಳಿಯುವುದು.

ಇಲ್ಲಿ ನಾವು ಮಾಡುವ ದೊಡ್ಡ ತಪ್ಪು ಒಂದಿದೆ. ಕೆಟ್ಟ ಕೂಡಲೇ ಕಲ್ಲಿನಿಂದ ಬಡಿಯುತ್ತೇವೆ. ಸಾಣೆ ಹಿಡಿಸುತ್ತೇವೆ. ಬೆಂಕಿಗೆ ಹಾಕುತ್ತೇವೆ. ಆಮೇಲೆ ಅಂಗಡಿಗೆ ಒಯ್ದರೆ ಆತ ಏನು ಹೇಳುತ್ತಾನೆ? “ನೀನೇ ಬಡಿದು ಕೆಡಿಸಿದಿ.” ಆತನ ಮಾತಿಗೆ ಎದುರು ಮಾತು ಇರುವುದಿಲ್ಲ. ಹೀಗಾಗಿ ಮೊದಲು ಕೈ ನಿಲ್ಲಿಸಿ. ಫೋಟೊ ತೆಗೆಯಿರಿ. ಇದು ದುರಸ್ತಿಗೋ, ವಾಪಸಿಗೋ ಎಂದು ಯೋಚಿಸಿ. ಆಮೇಲೆ ಕೈ ಹಾಕಿ.

ಹರಿತ ಕಡಿಮೆ ಇದ್ದರೆ ಅದು ದೊಡ್ಡ ದೋಷ ಅಲ್ಲ. ಹೊಸ ಸಾಮಾನು ಎಷ್ಟೋ ಸಲ ಪೂರ್ತಿ ಹರಿತ ಮಾಡದೇ ಬರುತ್ತದೆ. ಮಸೆಗಲ್ಲಿಗೆ ನೀರು ಹಾಕಿ ಮಸೆದರೆ ಆಯಿತು. ತಿರುಗುವ ಸಾಣೆಗೆ ಕೊಟ್ಟರೆ ಪಕ್ಕದಲ್ಲೇ ನಿಂತು ನೋಡಿ. ಒತ್ತಿ ಹಿಡಿದು ಅಂಚು ನೀಲಿ ಬಣ್ಣಕ್ಕೆ ತಿರುಗಿತೋ, ಹದ ಹೋಯಿತು. ಅಲ್ಲಲ್ಲಿ ನೀರಿಗೆ ಅದ್ದಿ ಸಾಣೆ ಹಿಡಿ ಎಂದು ಹೇಳಿ.

ಹಿಡಿ ಸಡಿಲಾದರೆ ಬಹಳ ಜನ ನೀರಲ್ಲಿ ನೆನೆ ಹಾಕುತ್ತಾರೆ. ಮರ ಉಬ್ಬಿ ಬಿಗಿ ಆಗುತ್ತದೆ, ನಿಜ. ಆದರೆ ಅದು ಒಂದು ದಿನದ ಮಾತು. ಮರ ಮತ್ತೆ ಒಣಗಿದಾಗ ಮೊದಲಿಗಿಂತ ಸಡಿಲ ಆಗುತ್ತದೆ. ಕೊಡಲಿ, ಗುದ್ದಲಿಯ ಕಾವು ಸಡಿಲಾದರೆ ಒಣ ಮರದ ಬೆಣೆ ಹೊಡೆಯಬೇಕು. ಕುಡುಗೋಲಿನ ಹಿಡಿಯಾದರೆ ಕಮ್ಮಾರನ ಹತ್ತಿರ ಹೋಗುವುದೇ ಒಳ್ಳೆಯದು. ಆತ ಹಿಡಿಯೊಳಗೆ ಹೋಗುವ ಕಬ್ಬಿಣದ ಬಾಲವನ್ನು ಕಾಸಿ ಒಣ ಮರದ ಹಿಡಿಗೆ ಇಳಿಸುತ್ತಾನೆ. ಅರಗು ಹಾಕಿ ಕೂರಿಸುವವರೂ ಇದ್ದಾರೆ. ಬಾಲ ಮರೀ ಗಿಡ್ಡ ಇದ್ದರೆ ಕಮ್ಮಾರನೂ ಏನು ಮಾಡಲಾರ.

ಬಾಯಿ ಮಡಚುವ ಮೆದು ಕುಡುಗೋಲನ್ನು ಕಮ್ಮಾರ ಮತ್ತೆ ಕಾಸಿ ಹದ ಹಾಕಿ ನೋಡಬಹುದು. ಉಕ್ಕು ಒಳ್ಳೆಯದಿದ್ದರೆ ಹದ ಹಿಡಿಯುತ್ತದೆ. ಬರೀ ಮೆದು ಕಬ್ಬಿಣದ ತಗಡಾಗಿದ್ದರೆ ಎಷ್ಟು ಕಾಸಿದರೂ ಅಷ್ಟೇ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕಮ್ಮಾರ ಮಾಡಿಕೊಡುವ ಕುಡುಗೋಲು ಹೆಚ್ಚು ದಿನ ಬರುವುದು ಇದಕ್ಕೇ. ಅದು ಉಕ್ಕು.

ಬಿರುಕು ಬಿಟ್ಟ ಅಲಗು, ಚೂರು ಉದುರುವ ಅಂಚು, ಬಿಟ್ಟುಕೊಂಡ ವೆಲ್ಡಿಂಗ್, ಮೊದಲ ದಿನವೇ ಕಳಚಿದ ಹಿಡಿ. ಇವಕ್ಕೆ ದುರಸ್ತಿ ಬೇಡ, ವಾಪಸು ಒಯ್ಯಿರಿ. ಬಿರುಕು ಬಿಟ್ಟದ್ದರಲ್ಲಿ ಇನ್ನೊಂದು ದಿನ ಕೆಲಸ ಮಾಡೋಣ ಅನ್ನಬೇಡಿ. ಅಲಗು ಮುರಿದು ಹಾರಿದರೆ ನಿಮ್ಮ ಕಣ್ಣಿಗೂ ಬರಬಹುದು, ಪಕ್ಕದವಳ ಕಣ್ಣಿಗೂ ಬರಬಹುದು. ಗಾಯ ಆದರೆ ಅವತ್ತೇ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು ಕೇಳಿ.

ಕಾನೂನು ಏನು ಹೇಳುತ್ತದೆ?

“ಒಮ್ಮೆ ಮಾರಿದ ಮಾಲು ವಾಪಸು ಇಲ್ಲ.” ಎಷ್ಟೋ ಅಂಗಡಿಗಳಲ್ಲಿ ಈ ಬೋರ್ಡು ಇರುತ್ತದೆ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂದರೆ ಅವರು ವಾಪಸು ತೆಗೆದುಕೊಳ್ಳಲೇಬೇಕೆಂದು ಇಲ್ಲ. ಮಾಲಿನಲ್ಲೇ ದೋಷ ಇದ್ದರೆ ಆ ಬೋರ್ಡು ನಡೆಯುವುದಿಲ್ಲ.

1986ರಲ್ಲಿ ಗ್ರಾಹಕರ ರಕ್ಷಣೆಗೆ ಒಂದು ಕಾನೂನು ಬಂತು. ಅದರ ಬದಲು 2019ರಲ್ಲಿ ಹೊಸ ಕಾನೂನು ಆಯಿತು. 2020ರ ಜುಲೈ 20ರಿಂದ ಜಾರಿಗೆ ಬಂತು. ದೋಷದ ಮಾಲನ್ನು ವಾಪಸು ಪಡೆಯಲು ಒಪ್ಪದಿರುವುದು, ಬಿಲ್ಲು ಕೊಡದಿರುವುದು, ಎರಡೂ ಅನುಚಿತ ವ್ಯಾಪಾರ ಎಂದು ಈ ಕಾನೂನು ಹೇಳುತ್ತದೆ. ಬಿಲ್ಲಿನಲ್ಲಿ ಎಷ್ಟು ದಿನದೊಳಗೆ ವಾಪಸು ಎಂದು ಬರೆದಿದ್ದರೆ ಅಷ್ಟು ದಿನ. ಏನೂ ಬರೆಯದಿದ್ದರೆ 30 ದಿನ.

“ನೀನು ಕೂಲಿ ಕೆಲಸಕ್ಕೆ ಕೊಂಡಿದ್ದು, ಮನಿ ಬಳಕೆಗಲ್ಲ, ನಿನಗೆ ಈ ಕಾನೂನು ಇಲ್ಲ” ಎಂದು ಯಾರಾದರೂ ಹೇಳಬಹುದು. ನಂಬಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರೂ ಗ್ರಾಹಕರೇ. ಕುಡುಗೋಲು ಕೊಂಡ ಕೂಲಿಯವಳೂ ಗ್ರಾಹಕಳೇ, ಕತ್ತರಿ ಕೊಂಡ ಹೊಲಿಗೆಯವಳೂ ಗ್ರಾಹಕಳೇ.

ಅಂಗಡಿಯವನು ಒಪ್ಪದಿದ್ದರೆ 1915 ನಂಬರಿಗೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು. ಆಗಲೂ ಆಗದಿದ್ದರೆ ಬಳ್ಳಾರಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗ ಇದೆ. ದೋಷ ಕಂಡ ಎರಡು ವರ್ಷದೊಳಗೆ ಅಲ್ಲಿ ದೂರು ಕೊಡಬಹುದು. ನಮ್ಮ ಕುಡುಗೋಲು, ಕತ್ತರಿಯಂಥ ಮಾಲಿಗೆ ಶುಲ್ಕ ಇಲ್ಲ. 5 ಲಕ್ಷ ರೂಪಾಯಿವರೆಗಿನ ಮಾಲಿಗೂ ಇಲ್ಲ. ವಕೀಲರು ಇರಲೇಬೇಕೆಂದಿಲ್ಲ. ಬೇಕಾದರೆ ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಅದರ ನಂಬರು 15100.

ನನ್ನನ್ನು ಕೇಳಿದರೆ, ಒಂದು ಕುಡುಗೋಲಿಗೆ ಆಯೋಗದವರೆಗೆ ಹೋಗುವುದು ಕಷ್ಟ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ, ಆದರೆ ಒಂದು ದಿನದ ಕೂಲಿ ಹೋಗುತ್ತದಲ್ಲ. ಗಾಯ ಆಗಿದ್ದರೆ ಮಾತು ಬೇರೆ. ಆಗ ಪರಿಹಾರ ಕೇಳಬಹುದು, ಕೇಳಲೇಬೇಕು. ಸಂಘದ ಹತ್ತು ಮಂದಿ ಒಂದೇ ಅಂಗಡಿಯಿಂದ ತಂದದ್ದು ಕೆಟ್ಟಿದ್ದರೂ ಮಾತು ಬೇರೆ. ಹತ್ತು ಮಂದಿ ಹತ್ತು ಕುಡುಗೋಲು ಹಿಡಿದು ಅಂಗಡಿ ಮುಂದೆ ನಿಂತರೆ ಆಯೋಗದವರೆಗೆ ಹೋಗುವ ಕೆಲಸವೇ ಇರುವುದಿಲ್ಲ.

ಬಾಯಿಮಾತಿಗೆ ಕೇಳದವನು ಬರೆದ ಕಾಗದಕ್ಕೆ ಹೆದರುತ್ತಾನೆ. ಹೀಗೆ ಬರೆಯಿರಿ:

“ಅಂಗಡಿ ಮಾಲೀಕರಿಗೆ,
ನಾನು ದಿನಾಂಕ ........ ರಂದು ನಿಮ್ಮ ಅಂಗಡಿಯಲ್ಲಿ ಒಂದು ಕುಡುಗೋಲು ಕೊಂಡಿದ್ದೇನೆ. ಬೆಲೆ ರೂ. ........ ಬಿಲ್ ನಂಬರು ........
ಮೊದಲ ದಿನವೇ ಹಿಡಿ ಕಳಚಿದೆ. ನಾನು ದುರಸ್ತಿ ಮಾಡಿಸಿಲ್ಲ. ಬೇರೆ ಕುಡುಗೋಲು ಕೊಡಿ, ಇಲ್ಲವೇ ಹಣ ವಾಪಸು ಕೊಡಿ. ಕೊಡದಿದ್ದರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಡುತ್ತೇನೆ.
ಇಂತಿ, ........ (ಸಹಿ)”

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ “ತಲುಪಿದೆ” ಎಂದು ಅವರಿಂದ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ.

ಮತ್ತೆ ಅಂಗಡಿಗೆ

ಆ ಸಿರುಗುಪ್ಪದ ಗದ್ದೆಯ ಹೆಣ್ಣುಮಗಳು ಮರುದಿನ ಪೇಟೆಗೆ ಹೋದಳು. ಹಿಡಿ ಒಂದು ಕೈಯಲ್ಲಿ, ಬಟ್ಟೆ ಸುತ್ತಿದ ಅಲಗು ಇನ್ನೊಂದು ಕೈಯಲ್ಲಿ.

“ಕಲ್ಲಿಗೆ ಹೊಡಿದಿಯೇನಮ್ಮ?” ಅಂಗಡಿಯವನು ಕೇಳಿದ.

“ನಾಲ್ಕು ಹಿಡಿ ನೆಲ್ಲು ಕೊಯ್ದೆ ಅಣ್ಣಾ, ಅಷ್ಟೇ. ಇಲ್ನೋಡು, ಬಾಲ ಎಷ್ಟು ಗಿಡ್ಡ ಐತಿ. ಎರಡು ಬೆರಳು ಸೈತ ಒಳಗ ಹೋಗಿಲ್ಲ. ಬಳೀನೂ ತಿರುಗ್ತೈತಿ.”

ಆತ ತಿರುಗಿಸಿ ನೋಡಿದ. ಬಿಲ್ಲು ಕೇಳಿದ. ಆಕೆ ಕೊಟ್ಟಳು. ಆತ ಏನೂ ಮಾತಾಡದೆ ಗೋಡೆಯಿಂದ ಇನ್ನೊಂದು ಕುಡುಗೋಲು ತೆಗೆದು ಮುಂದೆ ಇಟ್ಟ.

ಆಕೆ ಅದನ್ನು ಎತ್ತಿಕೊಳ್ಳಲಿಲ್ಲ. “ಆ ಗೊಂಚಲನ್ನ ಇಳಿಸಣ್ಣಾ, ನಾನೇ ಆರಿಸ್ತೀನಿ” ಅಂದಳು. ಒಂದೊಂದನ್ನೇ ಅಲುಗಾಡಿಸಿದಳು, ಕಣ್ಣಿಗೆ ಹಿಡಿದು ನೋಡಿದಳು, ನಾಣ್ಯದಿಂದ ತಟ್ಟಿದಳು. ಮೂರು ಬದಿಗೆ ಇಟ್ಟಳು. ನಾಲ್ಕನೆಯದು ಟಣ್ ಅಂದಿತು.

ಸಂಜೆ ಮನೆ ಮುಂದೆ ದೊಡ್ಡಮ್ಮ ಸಿಕ್ಕಳು. ಹೊಸ ಕುಡುಗೋಲನ್ನು ಕೈಗೆ ತೆಗೆದುಕೊಂಡು ಅತ್ತ ಇತ್ತ ತಿರುಗಿಸಿದಳು. ಹಿಡಿ ಎಳೆದು ನೋಡಿದಳು. ಬರಲಿಲ್ಲ.

“ನಂದೂ ಸಡ್ಲ ಆಗೈತಿ ನೋಡವ್ವಾ. ಮೊನ್ನೆ ತಂದಿದ್ದು. ನಾಳೆ ನೀ ಪೇಟಿಗೆ ಹೋಗ್ತಿಯೇನು?”

“ಬಿಲ್ಲು ಐತೇನು ದೊಡ್ಡಮ್ಮ?”

ದೊಡ್ಡಮ್ಮ ಎಲೆ ಅಡಿಕೆ ಚೀಲದಲ್ಲಿ ಕೈ ಹಾಕಿ ಹುಡುಕತೊಡಗಿದಳು.